ವಿದುರ ನೆಟ್ಟು ಹೊರಟ, ನೀರು ಹಾಕಿದ್ಯಾರು?

ಬೆಂಗಳೂರಿಗೆ ಹೋಗಿ ಬಂದವರನ್ನು ನಮ್ಮ ಕಡೆ ಯಾರೂ "ಬೆಂಗಳೂರು ಹೇಗಿತ್ತು?" ಅಂತ ಕೇಳೋದಿಲ್ಲ. ಅದೇನು ಕಾಣದ ಊರಾ? ಗೌರಿಬಿದನೂರಿನಿಂದ ದಿನಾ ಬೆಳಗ್ಗೆ ರೈಲು ತುಂಬ ಜನ ಹೋಗಿ ಸಂಜೆ ವಾಪಸು ಬರ್ತಾರೆ. ಬೇಲಿಯಾಚೆಯಿಂದ ಬರುವ ಪ್ರಶ್ನೆ ಎರಡೇ. "ಮಗು ಹಟ ಮಾಡ್ತಾ?" ಅನ್ನೋದು ಒಂದು. "ಗಿಡ ನೋಡಿದ್ರಾ, ಹೇಗಿವೆ?" ಅನ್ನೋದು ಇನ್ನೊಂದು. ಈ ಎರಡನೆಯದನ್ನು ಕೇಳುವವರು ನಾವಿಲ್ಲದಾಗ ನೀರು ಹಾಕಿದವರೇ. ಅಂದ ಮೇಲೆ ಅದು ಪ್ರಶ್ನೆಯಲ್ಲ, ಬಿಲ್ಲು. "ಚೆನ್ನಾಗಿವೆ ಅಕ್ಕಾ, ನಿಮ್ಮ ಕೈಗುಣ" ಅಂದು ಅಲ್ಲೇ ಚುಕ್ತಾ ಮಾಡಿಬಿಡಬೇಕು.

ಗಿಡ ನೆಟ್ಟು ಊರೂರು ತಿರುಗುವ ಚಾಳಿ ನಮ್ಮೂರು ವಿದುರಾಶ್ವತ್ಥಕ್ಕೆ ಹೊಸದೇನಲ್ಲ ಬಿಡಿ. ಸ್ಥಳಪುರಾಣ ನಿಮಗೂ ಗೊತ್ತಿರೋದೇ. ತೀರ್ಥಯಾತ್ರೆಗೆ ಹೊರಟ ವಿದುರ ಇಲ್ಲಿ ಮೈತ್ರೇಯರ ಆಶ್ರಮದಲ್ಲಿ ತಂಗಿದ್ದನಂತೆ. ಪಿನಾಕಿನಿಗಿಳಿದು ಸಂಧ್ಯಾವಂದನೆಗೆ ಬೊಗಸೆಯಲ್ಲಿ ನೀರು ಎತ್ತಿದರೆ ಅದರಲ್ಲೊಂದು ಅಶ್ವತ್ಥದ ಸಸಿ. ಋಷಿಗಳು ನೆಡು ಅಂದರು, ನೆಟ್ಟ. ಸರಿ. ಆಮೇಲೆ? ಯಾತ್ರೆಗೆ ಬಂದವನು ಗಿಡ ಕಾಯುತ್ತಾ ಕೂತಿರ್ತಾನಾ? ನೀರು ಹಾಕಿದ್ದು ಯಾರು ಅನ್ನೋದನ್ನ ನನಗೆ ಕಥೆ ಹೇಳಿದವರು ಒಬ್ಬರೂ ಹೇಳಲಿಲ್ಲ. "ಇನ್ಯಾರು, ಪಕ್ಕದ ಆಶ್ರಮದವರು ಹಾಕಿರ್ತಾರೆ, ಅವರ ಹೆಸರು ಯಾರು ಬರೀತಾರೆ" ಅಂತ ನಮ್ಮ ಪಕ್ಕದ ಮನೆ ಅಕ್ಕನ ತೀರ್ಮಾನ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ನನ್ನ ಅನುಮಾನ ಬೇರೆ. ವಿದುರ ಬುದ್ಧಿವಂತ. ಊರು ಬಿಟ್ಟು ಹೋಗೋನು ಎಂಥ ಗಿಡ ನೆಡಬೇಕು ಅಂತ ಅವನಿಗೆ ಗೊತ್ತಿತ್ತು. ಅರಳಿಗೆ ಯಾರ ನೀರೂ ಬೇಡ. ಹಕ್ಕಿ ಹಾಕಿದ ಬೀಜ ಗೋಡೆಯ ಬಿರುಕಲ್ಲಿ, ಓವರ್‌ಹೆಡ್ ಟ್ಯಾಂಕಿನ ಸಂದಿಯಲ್ಲಿ ಹುಟ್ಟಿ, ಕಿತ್ತು ಬಿಸಾಕಿದರೂ ಮತ್ತೆ ಚಿಗುರುತ್ತೆ. ಅಂಥದ್ದನ್ನು ಹೊಳೆಯ ಪಕ್ಕದಲ್ಲೇ ನೆಟ್ಟು ಕೈ ತೊಳೆದುಕೊಂಡ. ವಿದುರ ನೆಟ್ಟದ್ದೇ ಅಂತ ಪೂಜೆಗೊಳ್ಳುತ್ತಿದ್ದ ಆ ಮರ 2001ರಲ್ಲಿ ಉರುಳೋವರೆಗೂ ಯಾರಿಗೂ ತೊಂದರೆ ಕೊಡಲಿಲ್ಲ. ಅವನು ಅರಳಿ ಬಿಟ್ಟು ನಮ್ಮ ಹಾಗೆ ಟೊಮೆಟೊ ನೆಟ್ಟು ಯಾತ್ರೆಗೆ ಹೋಗಿದ್ದರೆ ಊರಿಗೆ ಹೆಸರೇ ಬರ್ತಿರಲಿಲ್ಲ, ಅಲ್ವಾ?

ನಮ್ಮೂರಿಗೆ ಬೆಂಗಳೂರಿನ ಕಡೆಯಿಂದ ಬರುವವರಲ್ಲಿ ಮಕ್ಕಳ ಹರಕೆಯವರು ಬಹಳ. ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಹೋಗ್ತಾರೆ. ಕಲ್ಲುಗಳು ಸಾವಿರಾರು ಆಗಿ, ಹೊಸದಕ್ಕೆ ಹಳೆಯದು ಒರಗಿಕೊಂಡು ನಿಂತಿವೆ. ನಾವೋ, ಹುಟ್ಟಿರುವ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬೆಂಗಳೂರು ತೋರಿಸೋಕೆ ಹೋಗ್ತೀವಿ. ಅವರ ಬಸ್ಸು, ನಮ್ಮ ಬಸ್ಸು ದೊಡ್ಡಬಳ್ಳಾಪುರದ ಹತ್ತಿರ ಎಲ್ಲೋ ಎದುರಾಗುತ್ತೆ. ಆ ಹೊತ್ತಿಗೆ ನಮ್ಮ ಪುಟ್ಟಿ ಕಿಟಕಿಯ ಸರಳಿಗೆ ತಲೆ ತೂರಿಸುವ ವಿಚಾರದಲ್ಲಿ ಗಂಟಲು ಹರಿದುಕೊಳ್ಳುತ್ತಿರುತ್ತಾಳೆ. ಆಚೆ ಬಸ್ಸಿನವರಿಗೆ ಕೇಳಿಸದಿರಲಿ ಅಂತ ನಾನು ಬೇಡಿಕೊಳ್ಳೋದು. ತಮಾಷೆಗೆ ಹೇಳಿದೆ ಅಷ್ಟೆ, ಅವರ ಸಂಕಟ ಅವರಿಗೇ ಗೊತ್ತು.

ಪುಟ್ಟಿ ಅಂದರೆ ಮೊಮ್ಮಗಳು. ಎರಡು ತುಂಬಿದೆ, ಮೂರಾಗಿಲ್ಲ. ಗೌರಿಬಿದನೂರಿನ ಹತ್ತಿರ ಭಾಭಾ ಅಣು ಸಂಶೋಧನಾ ಕೇಂದ್ರದವರು 1960ರ ದಶಕದಲ್ಲಿ ಭೂಕಂಪನ ಅಳೆಯುವ ಉಪಕರಣಗಳನ್ನು ಹೂತಿಟ್ಟಿದ್ದಾರಲ್ಲ, ದೂರದ ದೇಶದಲ್ಲಿ ನೆಲದೊಳಗೆ ಅಣುಬಾಂಬ್ ಪರೀಕ್ಷೆ ಮಾಡಿದರೂ ಇಲ್ಲಿ ಗೊತ್ತಾಗುತ್ತದಂತೆ. ನಮ್ಮ ಪುಟ್ಟಿಗೆ ಹಲ್ಲು ಬರುವ ಕಾಲದಲ್ಲಿ ಆ ಯಂತ್ರಗಳು ಏನೇನು ಗೀಚಿದವೋ. ಪಾಪ, ಅಲ್ಲಿನ ವಿಜ್ಞಾನಿಗಳು ಯಾವ ದೇಶದ ಮೇಲೆ ಅನುಮಾನ ಪಟ್ಟರೋ.

ಅವಳಿಗೆ ಗೊಂಬೆ ಬೇಡ. ಅಂಗಡಿಯವು, ಉಡುಗೊರೆ ಬಂದವು, ಕಣ್ಣು ಮುಚ್ಚಿ ಬಿಡುವವು, ಒಂದನ್ನೂ ಮುಟ್ಟೋದಿಲ್ಲ. ಅವಳಿಗೆ ಬೇಕಾದ್ದು ಒಂದು ಸೌಟು. ಸಾರಿನ ಸೌಟು, ಸ್ಟೀಲಿನದು, ಹಿಡಿಯ ತುದಿಯಲ್ಲಿ ತೂಗುಹಾಕೋಕೆ ತೂತಿದೆ. ಬಾಗಿದ ಹೊಟ್ಟೆಯಲ್ಲಿ ಮುಖ ತಲೆಕೆಳಗಾಗಿ ಕಾಣುತ್ತೆ, ತಿರುಗಿಸಿದರೆ ನೆಟ್ಟಗಾಗುತ್ತೆ. ಆ ಆಟ ಅವಳಿಗೆ ಇನ್ನೂ ಮುಗಿದಿಲ್ಲ. ಮಲಗುವಾಗ ದಿಂಬಿನ ಪಕ್ಕ ಅದೂ ಮಲಗಬೇಕು. ಬೆಳಗ್ಗೆ ಅದರಿಂದಲೇ ಬಕೆಟ್ಟಿನ ನೀರು ಮೊಗೆದು ತುಳಸಿಗೆ ಒಂದು ಸೌಟು, ದೊಡ್ಡಪತ್ರೆಗೆ ಒಂದು ಸೌಟು, ತನ್ನ ಹೊಟ್ಟೆ ಮೇಲೆ ಒಂದು ಸೌಟು. ಅಡುಗೆಮನೆಗೆ ನಾವು ಬೇರೆ ಸೌಟು ತಂದುಕೊಂಡೆವು. ಬೆಂಗಳೂರಿಗೆ ಹೊರಟರೆ ಬ್ಯಾಗಿಗೆ ಮೊದಲು ಬೀಳೋದು ಅದೇ. ಆಮೇಲೆ ರಾಗಿ ಸರಿಹಿಟ್ಟಿನ ಡಬ್ಬ, ಫ್ಲಾಸ್ಕು, ಚಡ್ಡಿಗಳ ಗಂಟು, ಅಪ್ಪಿತಪ್ಪಿ ಜಾಗ ಉಳಿದರೆ ನಮ್ಮ ಬಟ್ಟೆ.

ಬ್ಯಾಗಿನ ಕೆಲಸ ಸೊಸೆಯದು. ಗಿಡಗಳ ಕೆಲಸ ನನ್ನದು. ಇದರ ಮೇಲೆ ನಾನು ಒಂದು ಪುಸ್ತಕವನ್ನೇ ಬರೆಯಬಹುದು, ಯಾರು ಓದ್ತಾರೆ ಅನ್ನೋದೊಂದು ಬಿಟ್ಟರೆ. ನಮ್ಮ ಕಡೆಯ ಬಿಸಿಲು ನಿಮಗೆ ಹೊಸದಲ್ಲ. ಮಾರ್ಚಿನಿಂದಾಚೆ ಕುಂಡದ ಗಿಡಕ್ಕೆ ಬೆಳಗಿನ ನೀರು ಸಂಜೆಗಿರೋದಿಲ್ಲ. ಮಗ ಮೊಬೈಲಿನಲ್ಲಿ ನೋಡಿ ಪ್ಲಾಸ್ಟಿಕ್ ಬಾಟಲಿ ತಲೆಕೆಳಗು ಮಾಡಿ, ಮುಚ್ಚಳಕ್ಕೆ ತೂತು ಹಾಕಿ ನೆಟ್ಟ. ತೂತು ದೊಡ್ಡದಾದರೆ ಅರ್ಧ ಗಂಟೆಗೆ ಖಾಲಿ, ಸಣ್ಣದಾದರೆ ಮಣ್ಣು ಮೆತ್ತಿಕೊಂಡು ಬಂದ್. ಕೊನೆಗೆ ಗೆದ್ದದ್ದು ಮಡಕೆ. ಬೇಸಿಗೆಯಲ್ಲಿ ನೀರು ಕುಡಿದ ಹಳೇ ಮಡಕೆಯನ್ನು ಬದನೆ ಸಾಲಿನ ನಡುವೆ ಕುತ್ತಿಗೆವರೆಗೆ ಹೂಳೋದು, ನೀರು ತುಂಬಿ ಬಾಯಿಗೆ ತಟ್ಟೆ ಮುಚ್ಚೋದು. ಮುಚ್ಚದಿದ್ದರೆ ಸೊಳ್ಳೆಗೆ ಬಾಣಂತಿಕೋಣೆ ಮಾಡಿಕೊಟ್ಟ ಪುಣ್ಯ ಬರುತ್ತೆ. ಮೆರುಗು ಹಚ್ಚದ ಮಡಕೆಯ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಸುತ್ತಲ ಮಣ್ಣು ಒಣಗಿದಷ್ಟೂ ನೀರನ್ನು ಎಳೆದುಕೊಳ್ಳುತ್ತೆ, ಮಣ್ಣು ತೇವವಾದರೆ ಎಳೆತ ನಿಲ್ಲುತ್ತೆ. ಕರೆಂಟೂ ಬೇಡ, ಟೈಮರೂ ಬೇಡ. ಒಂದೇ ನಿಯಮ, ಎಣ್ಣೆ ಜಿಡ್ಡಿನ ಮಡಕೆ ಆಗಬಾರದು, ತೂತು ಮುಚ್ಚಿಹೋಗಿರುತ್ತೆ.

ಆಮೇಲೆ ಕುಂಡಗಳನ್ನೆಲ್ಲ ಎಳೆದು ಹೊಂಗೆ ಮರದ ನೆರಳಿಗೆ ಒತ್ತೊತ್ತಾಗಿ ಕೂರಿಸಬೇಕು. ಬುಡಕ್ಕೆ ಕಡಲೆಕಾಯಿ ಸಿಪ್ಪೆಯ ಹೊದಿಕೆ. ಅದಕ್ಕೇನು ನಮ್ಮ ಕಡೆ ಬರವೇ? ಲೋಳೆಸರ, ದೊಡ್ಡಪತ್ರೆಗಳಿಗೆ ಏನೂ ಮಾಡೋದು ಬೇಡ, ಎಲೆಯಲ್ಲೇ ನೀರಿಟ್ಟುಕೊಂಡಿರ್ತಾವೆ. ಆದರೆ ಹೊರಡುವ ಹಿಂದಿನ ಸಂಜೆ ಬೆಂಡೆ, ಹುರುಳಿಕಾಯಿ, ಸೌತೆ ಎಲ್ಲ ಬಳಿದು ಕೊಯ್ಯಲೇಬೇಕು, ಬೆರಳುದ್ದದ್ದನ್ನೂ. ಕಾಯಿ ಗಿಡದಲ್ಲೇ ಬಲಿತರೆ, ಬೀಜವಾಯ್ತು, ಇನ್ನು ನನ್ನ ಕೆಲಸ ಮುಗೀತು ಅಂತ ಗಿಡ ಹೂ ಬಿಡೋದನ್ನೇ ನಿಲ್ಲಿಸುತ್ತೆ. ಅಷ್ಟು ಕೊಯ್ದ ತರಕಾರಿ ಯಾರಿಗೆ? ಬೇಲಿಯಾಚೆಗೆ. ಅಲ್ಲಿಗೆ ಮುಂಗಡ ಸಂದಾಯ. ಮಡಕೆ ತುಂಬಿಸೋಕೂ ಒಬ್ಬರು ಬೇಕಲ್ಲ! ಎಂಥ ಉಪಾಯ ಮಾಡಿದರೂ ಅದರ ಕೊನೆಯ ತುದಿ ಹೋಗಿ ನಿಲ್ಲೋದು ಪಕ್ಕದ ಮನೆಯ ಅಕ್ಕನ ಕೈಯಲ್ಲೇ.

ಪುಟ್ಟಿಯೂ ತನ್ನ ಪಾಲಿನ ಕೊಯ್ಲು ಮಾಡ್ತಾಳೆ. ಒಣಗಿದ ಕನಕಾಂಬರದ ತೆನೆ. ಹೂ ಬಿಡಿಸಿದ ಮೇಲೆ ಉಳಿದು ಕಂದು ಬಣ್ಣಕ್ಕೆ ತಿರುಗುತ್ತಲ್ಲ, ಅದು. ನೀವೂ ಚಿಕ್ಕವರಿದ್ದಾಗ ಆಡಿರ್ತೀರಿ. ತೆನೆಯೊಳಗಿನ ಸಣ್ಣ ಕಾಯಿಗೆ ಒಂದು ಹನಿ ನೀರು ತಗುಲಿದರೆ ಸಾಕು. ಕ್ಷಣ ಏನೂ ಆಗೋದಿಲ್ಲ, ಆಮೇಲೆ ಪಟ್ ಅಂತ ಸಿಡಿದು ಬೀಜ ಅಂಗಳದಾಚೆ. ಒಂದು ಸಲ ರೈಲಿನಲ್ಲಿ, ಇನ್ನೂ ಮಾಕಳಿದುರ್ಗದ ಬೆಟ್ಟ ದಾಟಿರಲಿಲ್ಲ, ಪುಟ್ಟಿ ಫ್ರಾಕಿನ ಜೇಬಿನಿಂದ ಒಂದು ಹಿಡಿ ತೆನೆ ತೆಗೆದಳು. ಸೌಟಿನಲ್ಲಿ ಸ್ವಲ್ಪ ನೀರು ಹಾಕು ಅಂತ ಸನ್ನೆ. ಅಳದಿದ್ದರೆ ಸಾಕು ಅಂತ ಸೊಸೆ ಹಾಕಿದಳು. ಎದುರು ಸೀಟಿನಲ್ಲಿ ಒಬ್ಬ ಹಿರಿಯರು ಪೇಪರು ಮುಖಕ್ಕೆ ಹಿಡಿದು ತೂಕಡಿಸುತ್ತಿದ್ದರು. ಪಟ್. ಪಟ್ ಪಟ್. ಒಂದು ಬೀಜ ಪೇಪರಿಗೇ ಬಡಿಯಿತು. ಅವರು ಪೇಪರು ಇಳಿಸಿ, ಸೌಟು ನೋಡಿ, ಮಗು ನೋಡಿ, ನಮ್ಮನ್ನು ನೋಡಿ, ಏನೂ ಹೇಳದೆ ಕೈ ಚಾಚಿ ಎರಡು ತೆನೆ ಇಸಕೊಂಡರು. ಯಲಹಂಕದವರೆಗೂ ಇಬ್ಬರದೂ ಅದೇ ಕಸುಬು. ಡೈಲಿ ಪ್ಯಾಸೆಂಜರು ಇಸ್ಪೀಟಿನವರು ಕೂಡ ಎಲೆ ಮಡಚಿ ನೋಡುತ್ತಾ ಕೂತಿದ್ದರು ಅಂದರೆ ನೋಡಿ.

ಮೆಟ್ರೋದಲ್ಲಿ ಸೌಟಿನದ್ದೇ ಸಮಸ್ಯೆ. ಮೂರಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ಟಿಲ್ಲ, ಆದರೆ ಅವರ ಸೌಟನ್ನು ತಪಾಸಣೆಯ ಬೆಲ್ಟಿನ ಮೇಲೆ ಇಡಲೇಬೇಕು. ಅದು ಕಪ್ಪು ಪರದೆಯ ಹಿಂದೆ ಮಾಯವಾದಾಗ ಪುಟ್ಟಿ ಎತ್ತಿದ ರಾಗಕ್ಕೆ ಇಡೀ ಮೆಜೆಸ್ಟಿಕ್ ಸ್ಟೇಷನ್ನು ತಿರುಗಿ ನೋಡಿತು. ಆಚೆ ಕಡೆ ಹೊರಬಂದ ಮೇಲೆ ಕಾವಲಿನ ಹೆಣ್ಣುಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿ, ಪ್ರಸಾದ ಕೊಡುವಷ್ಟು ಭಕ್ತಿಯಿಂದ ಕೊಟ್ಟಳು.

ಲಾಲ್‌ಬಾಗ್‌ಗೆ ಹೋಗುವಾಗ ನ್ಯಾಷನಲ್ ಕಾಲೇಜು ಸ್ಟೇಷನ್ನು ಬಂದರೆ ನಮ್ಮನೆಯವರು ಸೀಟು ಬಿಟ್ಟು ಎದ್ದು ನಿಲ್ತಾರೆ. ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಕೊನೆಯವರೆಗೂ ಬಾಳಿದ್ದು ಆ ಕಾಲೇಜಿನ ಹಾಸ್ಟೆಲಿನಲ್ಲಲ್ಲವೇ. 1935ರಲ್ಲಿ ಓದಬೇಕು ಅಂತ ಊರಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ. "ಅವರು ಬರಿಗಾಲಲ್ಲಿ ಬಂದರು, ನಾವು ಸೌಟು ಹಿಡ್ಕೊಂಡು ಬಂದಿದ್ದೀವಿ" ಅಂತ ನಮ್ಮನೆಯವರ ನಿಟ್ಟುಸಿರು. ಯಾವುದನ್ನೂ ಪ್ರಶ್ನೆ ಮಾಡದೆ ಒಪ್ಪದ ಮನುಷ್ಯ ನರಸಿಂಹಯ್ಯನವರು. ಇದ್ದಿದ್ದರೆ ನೀರು ಹಾಕಿದ್ದು ಯಾರು ಅನ್ನುವ ನನ್ನ ಜಿಜ್ಞಾಸೆಗೆ, "ಮೊದಲು ನೆಟ್ಟಿದ್ದು ಯಾರು ಅಂತ ಸಾಬೀತು ಮಾಡಮ್ಮ" ಅಂದುಬಿಡ್ತಿದ್ದರು.

ಲಾಲ್‌ಬಾಗ್ ತೋರಿಸೋ ಆಸೆ ನನ್ನದೇ. 240 ಎಕರೆ. ಹೈದರಾಲಿ 1760ರಲ್ಲಿ ಶುರು ಮಾಡಿದ್ದು, 1889ರ ಗಾಜಿನ ಮನೆ, ಮುನ್ನೂರು ಕೋಟಿ ವರ್ಷದ ಬಂಡೆ, ಅದರ ಮೇಲೆ ಕೆಂಪೇಗೌಡರ ಗೋಪುರ. ಎಲ್ಲವನ್ನೂ ಬೆರಳು ಮಾಡಿ ತೋರಿಸಿದೆ. ಪುಟ್ಟಿ ಬೆರಳನ್ನು ನೋಡಿದಳು. ಅಷ್ಟರಲ್ಲಿ ತೋಟದ ಕೆಲಸದವರೊಬ್ಬರು ಹುಲ್ಲಿಗೆ ಪೈಪಿನಲ್ಲಿ ನೀರು ಬಿಡುತ್ತಾ ಬಂದರು. ಊರಿಗೆ ಬಂದವಳು ನೀರಿಗೆ ಬಾರದಿರ್ತಾಳಾ? ಪೈಪಿನ ಒಂದು ಕಡೆ ಸಣ್ಣ ತೂತಾಗಿ ಕಾರಂಜಿ ಚಿಮ್ಮುತ್ತಿತ್ತು. ಅದಕ್ಕೆ ಸೌಟು ಹಿಡಿಯೋದು, ತುಂಬೋದು, ಹುಲ್ಲಿಗೆ ಸುರಿಯೋದು, ಮತ್ತೆ ಹಿಡಿಯೋದು. ಅವರು ಪೈಪು ಎಳೆದ ಕಡೆಯೆಲ್ಲ ಇವಳು, ಇವಳು ಹೋದ ಕಡೆಯೆಲ್ಲ ಒಣ ಚಡ್ಡಿ ಹಿಡಿದು ನಾವು. ಗಾಜಿನ ಮನೆ ದೂರದಿಂದಲೇ ಆಯ್ತು. "ಇದನ್ನ ನೋಡೋಕೆ ಮನೆ ಹಿತ್ತಲು ಸಾಲದಾಗಿತ್ತಾ?" ಅಂತ ನಮ್ಮನೆಯವರು. ನಿಜ ಹೇಳ್ಲಾ, ಅವರು ಆ ಹೊತ್ತಿಗೆ ಮೂರನೇ ಸಲ ಕಡಲೆಕಾಯಿ ಕೊಂಡಿದ್ದರು. ಕಡಲೆಕಾಯಿ ಬೆಳೆಯೋ ಊರಿಂದ ಬಂದವರು!

ನಮ್ಮೂರಿನ ವೀರಸೌಧಕ್ಕೆ ಶಾಲೆ ಮಕ್ಕಳು ಬಸ್ಸಿನಲ್ಲಿ ಬರ್ತಾರಲ್ಲ, 1938ರ ಏಪ್ರಿಲ್ 25ರ ಧ್ವಜ ಸತ್ಯಾಗ್ರಹದ ಗೋಲಿಬಾರಿನ ಕಥೆಯನ್ನು ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳ್ತಿರ್ತಾರೆ, ಹಿಂದಿನ ಸಾಲಿನ ಚಿಕ್ಕವು ಅಳಿಲು ನೋಡ್ತಿರ್ತಾವೆ. ಬೈಯಬಾರದು. ಕಥೆ ಕಿವಿಗೆ ಬಿದ್ದಿರುತ್ತೆ, ಎಂದೋ ಒಂದು ದಿನ ಮೇಲೆ ಬರುತ್ತೆ. ಪುಟ್ಟಿಗೆ ಲಾಲ್‌ಬಾಗ್ ಯಾವಾಗ ಮೇಲೆ ಬರುತ್ತೋ ಕಾಣೆ. ಸದ್ಯಕ್ಕಂತೂ ಬೆಂಗಳೂರು ಅಂದರೆ "ಪೈಪು".

ಉಳಿಯೋದು ನಾದಿನಿಯ ಮನೆಯಲ್ಲಿ, ಯಲಹಂಕದ ಕಡೆ ಅಪಾರ್ಟ್‌ಮೆಂಟು. ಅವಳದ್ದೂ ಬಾಲ್ಕನಿ ತೋಟ. ನಾವು ಹೋಗುವಾಗ ಒಂದು ಚೀಲ ಕೆಂಪು ಮಣ್ಣು, ಒಂದು ಚೀಲ ಕೊಟ್ಟಿಗೆ ಗೊಬ್ಬರ ಹೊರಬೇಕು. ಹಬ್ಬಕ್ಕೆ ಬಂದವರು ಹೂವು ಹಣ್ಣು ತರ್ತಾರೆ, ನಾವು ಸಗಣಿ ತರ್ತೀವಿ, ಲಿಫ್ಟಿನಲ್ಲಿ ಜೊತೆಗಿರುವವರು ಮೂಗಿನ ಕಡೆಗೆ ಕೈ ಒಯ್ದು ಸೌಜನ್ಯಕ್ಕೆ ಇಳಿಸ್ತಾರೆ. ವಾಪಸು ಬರುವಾಗ ಅವಳು ಇಟ್ಟಿಗೆ ಮಾಡಿರುವ ತೆಂಗಿನ ನಾರಿನ ಪುಡಿ ಕೊಡ್ತಾಳೆ, ನೆನೆಸಿದರೆ ಬುಟ್ಟಿ ತುಂಬ ಉಬ್ಬುತ್ತೆ. ಅವಳ ಗಿಡಗಳಿಗೆ ಟೈಮರ್ ಇಟ್ಟ ಹನಿ ನೀರಾವರಿ. ಬೆಳಗ್ಗೆ ಆರಕ್ಕೆ ಟಿಕ್ ಅನ್ನುತ್ತೆ, ಅಷ್ಟೆ, ಒಂದು ಬೈಗುಳವಿಲ್ಲ, ಬದನೆಕಾಯಿ ಕೊಡೋದು ಬೇಡ. ನನಗೇನೋ ಅದು ಬಿಕೋ ಅನ್ನಿಸಿತು. ಗಿಡ ಬಾಡಿದರೆ ಯಾರ ಹತ್ತಿರ ವಾದ ಮಾಡೋದು, ಹೇಳಿ?

ನಮ್ಮ ಮೇಲೆ ಅವಳ ಉಪಕಾರದ ಹೊರೆಯೂ ಒಂದಿದೆಯಂತೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಇದೆಯಲ್ಲ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸೋದು. ಮೂರನೇ ಹಂತವೂ ಬೇಕು ಅಂತ ನಮ್ಮ ರೈತರ ಜಗಳ ಇದ್ದೇ ಇದೆ, ಅದು ನ್ಯಾಯವೇ. ನಾದಿನಿ ಅವತ್ತು ಪುಟ್ಟಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಫ್ಲಶ್ ಒತ್ತುತ್ತಾ "ಕಳಿಸಿದೀನಿ ನೋಡು ಅತ್ತಿಗೆ, ನಿಮ್ಮ ಕಡೆಗೆ" ಅಂತ ಕೂಗಿದಳು. ಪುಟ್ಟಿಗೆ ಅದು ಬಹಳ ಹಿಡಿಸಿತು. ಆಮೇಲೆ ನಾವು ಹೊರಡೋವರೆಗೂ ಫ್ಲಶ್ ಮಾಡಿದಾಗಲೆಲ್ಲ ಟಾಟಾ.

ಬರುವಾಗ ಬ್ಯಾಗಿನಲ್ಲಿ ಒಬ್ಬ ಹೊಸ ಪ್ರಯಾಣಿಕ. ನಾದಿನಿಯ ತರಕಾರಿ ಬುಟ್ಟಿಯಲ್ಲಿ ಮರೆತುಹೋಗಿ ಮೊಳಕೆ ಬಂದ ಸೀಮೆಬದನೆಕಾಯಿ. ಅದರ ಬೀಜವನ್ನು ಬಿಡಿಸಿ ನೆಡೋದಿಲ್ಲ, ಇಡೀ ಕಾಯಿಯನ್ನೇ ಮಲಗಿಸಿ ಅರ್ಧ ಹೂಳೋದು. ಬೆಂಗಳೂರಿಗೆ ಅದನ್ನು ತಂದದ್ದೂ ಲಾಲ್‌ಬಾಗಿನವರೇ, ಜಾನ್ ಕ್ಯಾಮರನ್ ಅನ್ನುವ ದೊರೆಯ ಕಾಲದಲ್ಲಿ. ಅಂತೂ ಗಾಜಿನ ಮನೆ ಒಳಗಿಂದ ನೋಡದಿದ್ದರೂ ಲಾಲ್‌ಬಾಗಿನದ್ದೊಂದು ಚೂರು ಮನೆಗೆ ಬಂತು ಅಂತ ನನ್ನ ಸಮಾಧಾನ.

ಬಂದು ನೋಡಿದರೆ ಬದನೆ ನಗುತ್ತಿತ್ತು. ಮಡಕೆಯ ತಟ್ಟೆಯ ಮೇಲೆ ಅಕ್ಕ ಒಂದು ಕಲ್ಲು ಬೇರೆ ಇಟ್ಟಿದ್ದರು, ಕಾಗೆ ತಳ್ಳದಿರಲಿ ಅಂತ. ಟೊಮೆಟೊ ಒಂದು ಬಾಡಿತ್ತು. "ಅದು ನೀವು ಹೋಗೋ ಮುಂಚೆಯೇ ಹೋಗಿತ್ತು" ಅಂತ ನಾನು ಕೇಳುವ ಮೊದಲೇ ಬೇಲಿಯಾಚೆಯಿಂದ ಉತ್ತರ. "ನೀಳ್ಳು ಪೋಸಿನಾನಮ್ಮಾ, ದಿನಾ ಪೋಸಿನಾನು." ನೀರು ದಿನಾ ಹಾಕಿದ್ದೀನಿ ಅಂತ. ಕೋಪ ಬಂದರೆ ಅಕ್ಕನಿಗೆ ತೆಲುಗು ಬರುತ್ತೆ, ನಮ್ಮ ಗಡಿಯಲ್ಲಿ ಎಲ್ಲರಿಗೂ ಅಷ್ಟೇ. ಬೆಂಡೆಕಾಯಿ ಎಲ್ಲಿ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಸಂಜೆ ಅವರ ಮನೆಯಿಂದ ಒಗ್ಗರಣೆ ವಾಸನೆ ಬಂದಾಗ ಎಲ್ಲ ಲೆಕ್ಕ ತಾನಾಗೇ ತಾಳೆಯಾಯ್ತು.

ಸೀಮೆಬದನೆಯನ್ನು ಬೇಲಿ ಬುಡದಲ್ಲಿ ಹೂತೆವು. ಮಳೆಗಾಲಕ್ಕೆ ಬಳ್ಳಿ ಬೇಲಿ ಹತ್ತಿತು, ಹತ್ತಿ ನಮ್ಮ ಕಡೆ ಒಂದು ಎಲೆಯೂ ತೋರಿಸದೆ ಪೂರಾ ಅವರ ಕಡೆ ಇಳಿಯಿತು. ಬುಡ ನಮ್ಮದು, ನೀರು ನಮ್ಮದು, ಕಾಯಿ ಅವರ ಅಂಗಳದಲ್ಲಿ ನೇತಾಡ್ತಾ ಇದೆ. ಬೇಲಿಯ ಸಂದಿಯಿಂದ ಪುಟ್ಟಿ ಸೌಟು ತೂರಿಸಿ ಎಳೆಯೋಕೆ ನೋಡ್ತಾಳೆ, ಎಟುಕೋದಿಲ್ಲ.

ಈಗ ಅಕ್ಕನ ಸರದಿ. ಮೊಮ್ಮಗನ ಮುಡಿ ಕೊಡೋಕೆ ತಿರುಪತಿಗೆ ಹೊರಟಿದ್ದಾರೆ, ಹಾಗೇ ಮಗಳ ಮನೆಯಲ್ಲಿ ಇದ್ದು ಬರ್ತಾರಂತೆ. ನಿನ್ನೆ ಬೇಲಿಗೆ ಬಂದು ಒಪ್ಪಿಸಿದ ಪಟ್ಟಿ ಕೇಳಿ. ಕರಿಬೇವಿಗೆ ಅಕ್ಕಿ ತೊಳೆದ ನೀರೇ ಆಗಬೇಕು, ಗುಲಾಬಿಗೆ ಸಂಜೆ ಮಾತ್ರ, ಸೇವಂತಿಗೆ ಎಲೆ ನೆನೆಯಬಾರದು. ಜೊತೆಗೆ ಕೋಳಿಗಳು. ಅವುಗಳಲ್ಲಿ ಕುತ್ತಿಗೆ ಪುಕ್ಕ ಇಲ್ಲದ್ದೊಂದಿದೆ, ಅದು ಕತ್ತಲಾದರೂ ಗೂಡಿಗೆ ಬರದೆ ನುಗ್ಗೆ ಮರ ಹತ್ತುತ್ತಂತೆ, ಇಳಿಸಬೇಕಂತೆ. ಈ ವಯಸ್ಸಿಗೆ ನಾನು ನುಗ್ಗೆ ಮರದ ಕೆಳಗೆ ನಿಂತು ಕೋಳಿಗೆ ಬುದ್ಧಿ ಹೇಳಬೇಕು. ಆಗಲ್ಲ ಅನ್ನೋಕಾಗುತ್ತಾ? ಕೊನೆಗೆ ಹೋಗೋ ಮುಂಚೆ ತಿರುಗಿ ನಿಂತು, "ಮೊಟ್ಟೆ ಇಟ್ಟರೆ ನಿಮ್ಮದೇನಮ್ಮಾ, ಪುಟ್ಟಿಗೆ ಕೊಡಿ. ಎಷ್ಟಾಯ್ತು ಅಂತ ಮಾತ್ರ ಎಣಿಸಿಟ್ಟಿರಿ" ಅಂದರು.

ನಮ್ಮದೇ ಅಂದ ಮೇಲೆ ಎಣಿಸೋದು ಯಾಕೆ ಅಂತೀನಿ, ಅಲ್ವಾ?